ಜಡ್ಡು ಬಾರದ ಸೊಸೆ

ನನಗೆ ನೆಗಡಿ ಬರುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಸಿಟ್ಟಿನಿಂದ ಹೇಳುತ್ತಿದ್ದೇನೆ. ಐಗಳಿಯಿಂದ ರಾಯಬಾಗ ಸೀಮೆಯ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ನೋಡಿದ್ದೇನೆ, ದೀಪಾವಳಿ ಮುಗಿದು ಕಬ್ಬಿನ ಹಂಗಾಮು ಶುರುವಾಯಿತೆಂದರೆ ಇಡೀ ಊರು ಮೂಗು ಒರೆಸಿಕೊಳ್ಳುತ್ತಿರುತ್ತದೆ. ಬೆಳಗ್ಗೆ ಬೆರಳು ಮರಗಟ್ಟುವ ಥಂಡಿ, ಮಧ್ಯಾಹ್ನ ನೆತ್ತಿ ಸುಡುವ ಬಿಸಿಲು, ದಿನವೆಲ್ಲ ಕಬ್ಬಿನ ಟ್ರ್ಯಾಕ್ಟರು ಎಬ್ಬಿಸುವ ಧೂಳು. ಗಂಡ ಮಲಗುತ್ತಿದ್ದ, ಮಕ್ಕಳು ಮಲಗುತ್ತಿದ್ದರು, ಮೈದುನ ಮಲಗುತ್ತಿದ್ದ. ನಾನು ಮಾತ್ರ ಗುಂಡುಕಲ್ಲಿನ ಹಾಗೆ ಓಡಾಡಿಕೊಂಡು ಅವರಿಗೆಲ್ಲ ಗಂಜಿ ಕಾಯಿಸುತ್ತಿದ್ದೆ.

ಎಲ್ಲರಿಗಿಂತ ಮೊದಲು ಮಲಗುತ್ತಿದ್ದವಳು ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ. ಏಕಸಂಬಿಯ ಹುಡುಗಿ. ಬೆಳ್ಳಗೆ, ತೆಳ್ಳಗೆ, ಗಾಳಿ ಬೀಸಿದರೆ ಸೆರಗಿನ ಜೊತೆ ತಾನೂ ಹಾರಿ ಹೋದಾಳು ಎನ್ನುವ ಹಾಗಿದ್ದಾಳೆ. ಅವಳು ಒಂದು ಸಲ ಸೀನಿದರೆ ಸಾಕು, ನಮ್ಮ ಅತ್ತೆ ಕೈಯಲ್ಲಿದ್ದ ಜಪಮಾಲೆ ಕೆಳಗಿಟ್ಟು ಏಳುತ್ತಿದ್ದರು. ಒಣ ಶುಂಠಿ, ಮೆಣಸು, ತುಳಸಿ ಹಾಕಿ ತಾವೇ ಒಲೆಯ ಮುಂದೆ ನಿಂತು ಕಾಡೆ ಕುದಿಸುತ್ತಿದ್ದರು. ನಮ್ಮದು ಜೈನರ ಮನೆ, ಜೇನು ನಡೆಯುವುದಿಲ್ಲ. ಅದಕ್ಕೆಂದೇ ಗಡಿಗೆಯಲ್ಲಿ ಹಳೆಯ ಬೆಲ್ಲ ಕಾದಿಟ್ಟಿದ್ದರು. ಆ ಗಡಿಗೆಗೆ ನಾನು ಕೈ ಹಾಕುವಂತಿರಲಿಲ್ಲ. ಆಮೇಲೆ ಹೋಗಿ ಅವಳ ತಲೆದೆಸೆಯಲ್ಲಿ ಕೂತು ಹಣೆ ಒತ್ತುವುದು, ಅಂಗಾಲಿಗೆ ಬೆಚ್ಚನೆಯ ಎಣ್ಣೆ ತಿಕ್ಕುವುದು. ಅತ್ತೆಯ ಅಂಗೈ ಅಗಲ, ಒರಟು, ಸದಾ ಬೆಚ್ಚಗೆ. ನನ್ನ ಹಣೆಯ ಮೇಲೆ ಅದು ಒಮ್ಮೆಯೂ ಬಂದಿರಲಿಲ್ಲ. ಯಾಕೆ ಬರಬೇಕು? ನನಗೆ ಜ್ವರವೇ ಇಲ್ಲವಲ್ಲ.

"ಅಕಿ ನಾಜೂಕ ಅದಾಳ ಬೇ. ನಿಂದೇನ, ನೀ ಗಟ್ಟಿ ಅದಿ," ಎನ್ನುತ್ತಿದ್ದರು ಅತ್ತೆ. ಹೊಗಳಿದ ಹಾಗೆ ಹೇಳುತ್ತಿದ್ದರು. ನನಗೆ ಮೈ ಉರಿದುಹೋಗುತ್ತಿತ್ತು. ಗಟ್ಟಿ ಅಂತೆ ಗಟ್ಟಿ! ಒನಕೆಗೂ ಹಾಗೇ ಅನ್ನುತ್ತಾರೆ.

ಒಂದು ಚಳಿಗಾಲ ನಾನೂ ಹಟಕ್ಕೆ ಬಿದ್ದೆ. ತಲೆಗೆ ಎರೆದುಕೊಂಡು ಒದ್ದೆ ಕೂದಲಲ್ಲೇ ಅಂಗಳದ ಗಾಳಿಗೆ ನಿಂತೆ. ತಣ್ಣನೆಯ ಮಜ್ಜಿಗೆ ಕುಡಿದೆ. ನೆಗೆಣ್ಣಿ ಹೊದ್ದು ಬಿಟ್ಟಿದ್ದ ಕೌದಿಯನ್ನೇ ಹೊದ್ದು ಮಲಗಿದೆ. ಬೆಳಗ್ಗೆ ಎದ್ದರೆ ಜ್ವರವೂ ಇಲ್ಲ, ಸೀನೂ ಇಲ್ಲ, ಹಸಿವೆ ಮಾತ್ರ ಜೋರಾಗಿತ್ತು. ಎಂದಿಗಿಂತ ಒಂದು ರೊಟ್ಟಿ ಹೆಚ್ಚೇ ತಿಂದೆ.

ಅತ್ತೆಯ ಕೈಯನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಬಂದು ಹೋಗುವ ಮಂದಿ. ನಮ್ಮ ಕಡೆ ಜಡ್ಡಿನವರನ್ನು, ಅಂದರೆ ಕಾಯಿಲೆ ಬಿದ್ದವರನ್ನು, ಮಾತಾಡಿಸಲು ಹೋಗುವುದು ಮದುವೆಗೆ ಹೋದಷ್ಟೇ ಮುಖ್ಯ. ಮದುವೆಗೆ ಹೋಗದಿದ್ದರೆ ಒಂದು ವರ್ಷ ಮಾತು ಬಿಟ್ಟಾರು, ಜಡ್ಡಿಗೆ ಹೋಗದಿದ್ದರೆ ಜನ್ಮಪೂರ್ತಿ ನೆನಪಿಡುತ್ತಾರೆ. "ನಮ್ಮ ಜಡ್ಡಿನಾಗ ಹಣಿಕಿ ಸೈತ ಹಾಕಲಿಲ್ಲ" ಎಂದು ಮೊಮ್ಮಕ್ಕಳಿಗೂ ಹೇಳಿ ಸಾಯುತ್ತಾರೆ. ಹಾಗಾಗಿ ನೆಗೆಣ್ಣಿ ಮಲಗಿದ ಸುದ್ದಿ ಹಬ್ಬಿದ ಕೂಡಲೇ ಓಣಿಯ ಹೆಂಗಸರೆಲ್ಲ ಸೆರಗು ಸರಿಮಾಡಿಕೊಂಡು ಬರುತ್ತಿದ್ದರು. ಕೈಯಲ್ಲಿ ಗ್ಲೂಕೋಸ್ ಬಿಸ್ಕೀಟಿನ ಪುಡಿಕೆ, ಇಲ್ಲವೇ ಬಾಳೆಹಣ್ಣು, ಇಲ್ಲವೇ ಮೋಸಂಬಿ. ಏಕಸಂಬಿಯಿಂದ ಅವಳ ತಾಯಿ ಬಸ್ಸು ಹತ್ತಿ ಬರುತ್ತಿದ್ದರು. ಹಾಸಿಗೆಯ ಸುತ್ತ ಎಲ್ಲರೂ ಮೊಣಕಾಲು ತಾಗಿಸಿಕೊಂಡು ಕೂತು, ಕಿಟಕಿಯಿಂದ ಥಂಡಿ ಬರುತ್ತದೆಂದು ಅದನ್ನು ಮುಚ್ಚಿ, ಅವಳ ಕೈ ಹಿಡಿದು, ಕೆನ್ನೆ ಮುಟ್ಟಿ, "ಎಷ್ಟ ಸೊರಗೀಯಲ್ಲ ತಂಗೀ" ಎನ್ನುತ್ತಿದ್ದರು. ಅವಳು ಶಾಲಿನೊಳಗಿಂದ ಸಣ್ಣಗೆ ನಗುತ್ತಿದ್ದಳು. ಕೆಮ್ಮುತ್ತಿದ್ದಳು. ಎಲ್ಲರೂ ಲೊಚಗುಡುತ್ತಿದ್ದರು.

ಅವರಿಗೆಲ್ಲ ಚಹಾ ಮಾಡುವವರು ಯಾರು? ನಾನು. ಕಪ್ಪು ತೊಳೆಯುವವರು? ನಾನೇ. ಎದುರು ಮನೆಯಾಕೆ, ಓಣಿಗೆಲ್ಲ ಅತ್ತಿಗೆಯಂತಿದ್ದ ವೈನಿ, ಒಮ್ಮೆ ಕಪ್ಪು ಇಸಿದುಕೊಳ್ಳುತ್ತ ನನ್ನ ಮುಖ ನೋಡಿದಳು. ಸದ್ಯ, ಯಾರೋ ಒಬ್ಬರು ನನ್ನನ್ನೂ ಕೇಳುತ್ತಾರೆ ಅಂದುಕೊಂಡೆ. "ಸಕ್ರಿ ಸ್ವಲ್ಪ ಕಮ್ಮಿ ಆತ ನೋಡ," ಅಂದಳು.

ಹೊಟ್ಟೆಕಿಚ್ಚು ಅನ್ನಿ. ಹೌದು, ಹೊಟ್ಟೆಕಿಚ್ಚೇ. ದುಡಿದು ಗಟ್ಟಿಯಾಗಿ ನಿಂತವಳ ಹತ್ತಿರ ಒಬ್ಬರೂ ಬರುವುದಿಲ್ಲ, ಮಲಗಿದವಳ ಸುತ್ತ ಸಂತೆ ಸೇರುತ್ತದೆ ಎಂದರೆ ಯಾವ ಹೊಟ್ಟೆ ತಣ್ಣಗಿರುತ್ತದೆ?

ಹೋದ ವರ್ಷದ ಹಿಂದಿನ ಚಳಿಗಾಲದಲ್ಲಿ ಈ ಸಂತೆ ವಿಪರೀತವಾಯಿತು. ನೆಗೆಣ್ಣಿಯನ್ನು ಮಾತಾಡಿಸಲು ಬಂದವರು ತಮ್ಮ ಮನೆಗೆ ಹೋಗಿ ತಾವೇ ಮಲಗಿದರು. ಅವರನ್ನು ಮಾತಾಡಿಸಲು ಉಳಿದವರು ಹೋದರು, ಅವರೂ ಮಲಗಿದರು. ಓಣಿಯಲ್ಲಿ ಕೆಮ್ಮಿಲ್ಲದ ಮನೆ ಇರಲಿಲ್ಲ. ಇದರಲ್ಲೂ ಒಂದು ಚೋದ್ಯ ಕೇಳಿ. ಎದುರು ಮನೆಯ ವೈನಿಯ ಮಾವನವರು ಮಲಗಿದಾಗ ನಾನು ಅಡುಗೆಮನೆಯಿಂದ ಒಂದು ಬಿಸ್ಕೀಟಿನ ಪುಡಿಕೆ ಒಯ್ದು ಕೊಟ್ಟಿದ್ದೆ. ಅದರ ಮೂಲೆಗೆ ನನ್ನ ಅರಿಶಿನದ ಬೆರಳು ಹತ್ತಿತ್ತು. ಕೆಲವು ದಿನದ ಮೇಲೆ ಓಣಿಯ ಕೊನೆಯ ಮನೆಯವರು ನಮ್ಮಲ್ಲಿಗೆ ಬಂದು ನೆಗೆಣ್ಣಿಯ ತಲೆದಿಂಬಿನ ಹತ್ತಿರ ಒಂದು ಪುಡಿಕೆ ಇಟ್ಟರು. ನೋಡುತ್ತೇನೆ, ಅದೇ ಅರಿಶಿನದ ಬೆರಳು! ಯಾರೂ ಬಿಚ್ಚಿರಲಿಲ್ಲ. ಒಬ್ಬರು ಕೊಟ್ಟದ್ದನ್ನು ಇನ್ನೊಬ್ಬರಿಗೆ ಒಯ್ಯುತ್ತ, ಕೆಮ್ಮಿದ ಕೈಯಿಂದ ಕೆಮ್ಮಿದ ಕೈಗೆ ದಾಟಿಸುತ್ತ, ಓಣಿಯ ಅಷ್ಟೂ ಜಡ್ಡಿನವರನ್ನು ಮಾತಾಡಿಸಿಕೊಂಡು ನಮ್ಮ ಮನೆಗೆ ವಾಪಸು ಬಂದಿತ್ತು ಆ ಪುಣ್ಯಾತ್ಮ ಪುಡಿಕೆ.

ನಾನು ನಕ್ಕೆ. ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಆ ವಾರವೇ ಅತ್ತೆ ಮಲಗಿದರು. ಅವರು ನಮ್ಮ ಜೈನರ ವ್ರತದಂತೆ ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದ ಜೀವ. ಜ್ವರದಲ್ಲಿ ತುಟಿ ಒಡೆದು ರಕ್ತ ಬಂದರೂ "ಹೊತ್ತ ಮುಣಗೇತಿ, ಬ್ಯಾಡ" ಎಂದು ಬಾಯಿ ಮುಚ್ಚುತ್ತಿದ್ದರು. ಗುಳಿಗೆಯೂ ಇಲ್ಲ, ನೀರೂ ಇಲ್ಲ. ಎದೆಯಲ್ಲಿ ಕಫ ಕಟ್ಟಿ ಗೊರಗೊರ ಅನ್ನತೊಡಗಿದ ಮೇಲೆ ರಾಯಬಾಗಕ್ಕೆ ಒಯ್ದು ಸಲಾಯಿನ್ ಹಚ್ಚಿಸಿದೆವು. ಡಾಕ್ಟರು ನನ್ನ ಗಂಡನನ್ನು ಬದಿಗೆ ಕರೆದು, ಈ ಸಲ ಉಳಿದರು, ಇನ್ನೊಮ್ಮೆ ಈ ಜ್ವರ ಎದೆಗೆ ಇಳಿಯಬಾರದು ನೋಡಿ ಅಂದರು. ದವಾಖಾನೆಯಲ್ಲಿ ಅವರ ಬಟ್ಟೆ ಬದಲಿಸಿದವಳು ನಾನು, ಬೆನ್ನು ತಟ್ಟಿ ಕಫ ಕೆಡವಿದವಳು ನಾನು. ಕಣ್ಣು ಬಿಟ್ಟ ಕೂಡಲೇ ಅವರು ಕೇಳಿದ್ದು, "ಸಣ್ಣಾಕಿ ಊಟ ಮಾಡ್ಯಾಳೇನ?"

ಮುಂದಿನ ವರ್ಷ ಥಂಡಿ ಶುರುವಾಗುವ ಹೊತ್ತಿಗೆ ಆರೋಗ್ಯ ಕೇಂದ್ರದ ನರ್ಸಬಾಯಿ ನಮ್ಮ ಮಹಿಳಾ ಸಂಘದ ಸಭೆಗೆ ಬಂದಳು. ಕೆಮ್ಮುವಾಗ ಬಾಯಿಗೆ ಸೆರಗು ಹಿಡಿಯಿರಿ, ಕೈ ತೊಳೆಯಿರಿ, ಕಿಟಕಿ ತೆರೆದಿಡಿ, ವಯಸ್ಸಾದವರು ಲಸಿಕೆಯ ಸೂಜಿ ಮಾಡಿಸಿಕೊಳ್ಳಿ, ಜಡ್ಡಿನವರ ಸುತ್ತ ಗುಂಪು ಕೂಡಬೇಡಿ ಎಂದು ಹೇಳಿದಳು. ಎಲ್ಲರೂ ಗೋಣು ಹಾಕಿದರು. ಗೋಣು ಹಾಕುವುದಕ್ಕೆ ನಮ್ಮವರಿಗೆ ಯಾರೂ ಕಲಿಸಬೇಕಾಗಿಲ್ಲ. ಅವಳು ಹೋಗುವ ಮೊದಲೇ ನಾನು ಎದ್ದು ನಿಂತೆ.

"ಈ ವರ್ಷ ನಮ್ಮ ಓಣ್ಯಾಗ ಯಾರಿಗೆ ಆರಾಮ ಇಲ್ಲಂದ್ರೂ ಒಳಗ ಹೋಗಿ ಮಾತಾಡ್ಸೂದು ಬಂದ್," ಅಂದೆ. "ಫೋನ್ ಮಾಡ್ರಿ. ಕಟ್ಟಿ ಮ್ಯಾಗ ಹಣ್ಣ ಇಟ್ಟ ಹೋಗ್ರಿ. ಮನ್ಯಾಗಿನ ಮುದುಕರಂತೂ ಆ ಖೋಲಿ ಹೊಸ್ತಲಾ ದಾಟಬಾರದು."

ಸಭೆಯಲ್ಲಿ ಗದ್ದಲವೆದ್ದಿತು. ವೈನಿ ಗದ್ದಕ್ಕೆ ಕೈ ಹಚ್ಚಿದಳು. "ಅಯ್ಯ ನಮ್ಮವ್ವ! ಮಾತಾಡ್ಸಾಕ ಹೋಗಲಿಲ್ಲಂದ್ರ ಮಂದಿ ಏನಂದಾರು?"

"ಅನ್ಲಿ. ನಮ್ಮ ಅತ್ತಿ ಎದಿ ಗೊರಗೊರ ಅಂದಾಗ ಮಂದಿ ಬಂದ ಉಸರ ಕೊಟ್ಟರೇನ?"

ವೈನಿ ಗದ್ದದ ಕೈ ಇಳಿಸಿದಳು. ನಿಯಮ ಪಾಸಾಯಿತು. ನಾನು ಹೇಳಿದ್ದರಲ್ಲಿ ಸುಳ್ಳಿತ್ತೇ? ಇರಲಿಲ್ಲ. ಅತ್ತೆಯ ಎದೆಯ ಹೆದರಿಕೆ ನನಗೆ ಖರೇನೇ ಇತ್ತು. ಅದರ ಬಗಲಿಗೆ ಇನ್ನೊಂದು ಸಂತೋಷವೂ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಈ ಸಲ ನೆಗೆಣ್ಣಿ ಮಲಗಲಿ, ಒಂದು ನೊಣವೂ ಒಳಗೆ ಹೋಗದಂತೆ ನೋಡಿಕೊಳ್ಳುತ್ತೇನೆ ಅಂದುಕೊಂಡೆ. ಅವಳು ಮಲಗುವುದನ್ನೇ ಕಾಯುತ್ತಿದ್ದೆ. ಪಡಸಾಲೆಯ ಬಗಲಿನ ಕೋಣೆ ಖಾಲಿ ಮಾಡಿಸಿ, ಕಿಟಕಿಯ ಜಂಗು ಬಿಡಿಸಿ, ಕೋವಿಡ್ ಕಾಲದಲ್ಲಿ ಉಳಿದ ಮಾಸ್ಕುಗಳನ್ನು ಮೊಳೆಗೆ ತೂಗುಹಾಕಿ ಅವಳ ಸೀನಿಗಾಗಿ ಕಿವಿಗೊಟ್ಟು ಕೂತೆ.

ಆ ವರ್ಷ ಮೊದಲು ಸೀನಿದವಳು ನಾನು.

ನನಗೇ ನಂಬಿಕೆಯಾಗಲಿಲ್ಲ. ಬೆಳಗ್ಗೆ ರೊಟ್ಟಿ ಬಡಿಯುತ್ತಿದ್ದೆ, ಮೂಗು ಕಡಿಯಿತು, ಸೀನಿದೆ. ಮಧ್ಯಾಹ್ನಕ್ಕೆ ಮೈ ಕೆಂಡ, ಕೀಲುಕೀಲು ನೋವು. ನಿಜ ಹೇಳಲೇ? ಮೈ ನಡುಗುತ್ತಿದ್ದರೂ ಒಳಗೊಳಗೆ ಒಂದು ಹಿಗ್ಗು. ಅಂತೂ ಬಂತಲ್ಲ! ಗಟ್ಟಿ ಗಟ್ಟಿ ಎನ್ನುತ್ತಿದ್ದರಲ್ಲ, ಈಗ ನೋಡಲಿ! ನಾನೇ ಸಾರಿಸಿಟ್ಟ ಕೋಣೆಗೆ ಹೋಗಿ, ಕೌದಿ ಹೊದ್ದು, ಬಾಗಿಲಿಗೆ ಮುಖ ಮಾಡಿ ಮಲಗಿದೆ.

ಯಾರೂ ಬರಲಿಲ್ಲ. ಯಾಕೆ ಬಂದಾರು? ನಿಯಮ ಮಾಡಿದವಳು ನಾನಲ್ಲವೇ? ಅದನ್ನು ಕಾಯಲು ಬಾಗಿಲಲ್ಲಿ ನಿಂತವಳು ನೆಗೆಣ್ಣಿ. ಅದೇನು ಶಿಸ್ತು, ಅದೇನು ಕಾಳಜಿ! ಮಾಸ್ಕು ಕಟ್ಟಿಕೊಂಡು ಗಂಜಿಯ ಗಂಗಾಳವನ್ನು ಹೊಸ್ತಿಲಲ್ಲಿಟ್ಟು, "ಅಕ್ಕಾರ, ಬಿಸಿ ಐತಿ, ಸಾವಕಾಶ ಕುಡೀರಿ" ಎಂದು ಹಿಂದೆ ಸರಿದು ನಿಲ್ಲುತ್ತಿದ್ದಳು. ಗಂಜಿ ಚೆನ್ನಾಗಿರುತ್ತಿತ್ತು, ಅದೂ ಒಂದು ಸಂಕಟ. ಜೀರಿಗೆ ಹದವಾಗಿ ಹುರಿದು ಹಾಕಿರುತ್ತಿದ್ದಳು. ಇಷ್ಟು ವರ್ಷ ಅವಳಿಗೆ ಒಲೆ ಹೊತ್ತಿಸಲೂ ಬರುವುದಿಲ್ಲ ಎಂದು ನಾನು ಊರಿಗೆಲ್ಲ ಹೇಳಿದ್ದೆ.

ಓಣಿಯ ಹೆಂಗಸರು ಬಂದರು, ಬಂದು ಕಟ್ಟೆಯ ಮೇಲೆ ಕೂತರು. ಕಿಟಕಿ ತೆರೆದಿತ್ತಲ್ಲ, ಎಲ್ಲ ಕೇಳಿಸುತ್ತಿತ್ತು. ಬಾಳೆಹಣ್ಣು ಇಟ್ಟು ಹೋಗಿ ಎಂದು ನಿಯಮ. ಇಟ್ಟರು, ಹೋಗಲಿಲ್ಲ. ನೆಗೆಣ್ಣಿ ಅವರಿಗೆಲ್ಲ ಚಹಾ ಕೊಟ್ಟಳು. ನನ್ನ ಜಡ್ಡಿಗೆ ಬಂದ ಮಂದಿ ಅವಳ ಮುಖ ನೋಡುತ್ತ ಕೂತರು.

"ಹ್ಯಾಂಗದಾರ ನಿಮ್ಮ ಅಕ್ಕಾರ?" ವೈನಿಯ ಧ್ವನಿ.

"ಅಕ್ಕಾರ ಗಟ್ಟಿ ಅದಾರ್ರಿ, ನಾಳಿಗೇ ಏಳ್ತಾರ."

"ನೀ ತ್ರಾಸ ಮಾಡ್ಕೋಬ್ಯಾಡ ನೋಡ. ಮನೀ ಕೆಲಸ ಎಲ್ಲಾ ನಿನ್ನ ಮ್ಯಾಲ ಬಿತ್ತಲ್ಲ ಪಾಪ. ಎಷ್ಟ ಸೊರಗೀಯಲ್ಲ ತಂಗೀ!"

ಕೇಳಿದಿರಾ? ಜ್ವರ ನನಗೆ, ಸೊರಗಿದವಳು ಅವಳು! ಎದ್ದು ಕಿಟಕಿಗೆ ಬಂದು ಬೈದುಬಿಡೋಣ ಅನ್ನಿಸಿತು. ಏಳಲು ಹೋದರೆ ತಲೆ ಗಿರ್ರೆಂದಿತು. ಮಲಗಿಕೊಂಡೇ ಕೆಮ್ಮಿದೆ. "ಹೂಂ, ಮಾಡಿದ್ದುಣ್ಣೋ ಮಹಾರಾಯ," ಎಂದು ಯಾರೋ ಅಂದರು, ಎಲ್ಲರೂ ನಕ್ಕರು.

ನನಗೆ ಅವರ್ಯಾರೂ ಬೇಕಿರಲಿಲ್ಲ. ಬಾಳೆಹಣ್ಣೂ ಬೇಕಿರಲಿಲ್ಲ. ಐಗಳಿಯಲ್ಲಿ ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಯಿತು, ಅಲ್ಲಿಂದ ಬಸ್ಸು ಹತ್ತಿ ಬರುವವರು ಯಾರೂ ಇಲ್ಲ. ಬೇಕಿದ್ದದ್ದು ಒಂದೇ. ಅತ್ತೆ ಒಂದು ಸಲ ಬಂದು ಹಣೆ ಮುಟ್ಟಿ ನೋಡಬೇಕು. ಜ್ವರ ಇದೆ ಎಂದು ಅವರ ಕೈಗೆ ಗೊತ್ತಾಗಬೇಕು.

ಸಂಜೆ, ಹೊತ್ತು ಮುಳುಗುವ ಮುಂಚಿನ ಊಟ ಮುಗಿಸಿ, ಅತ್ತೆ ಪಡಸಾಲೆಯಲ್ಲಿ ಕೋಲೂರಿಕೊಂಡು ಬರುವ ಸಪ್ಪಳ ಕೇಳಿಸಿತು. ಬಾಗಿಲಲ್ಲಿ ನಿಂತರು. ಹೊಸ್ತಿಲ ಆಚೆ.

"ಹ್ಯಾಂಗದಿ ಬೇ?"

"ಆರಾಮ ಇಲ್ರಿ ಅತ್ತೀ. ಮೈ ಸುಡಾಕತ್ತೈತಿ."

ಅವರ ಒಂದು ಕೈ ಬಾಗಿಲ ಚೌಕಟ್ಟಿನ ಮೇಲಿತ್ತು. "ಒಳಗ ಬರ್ಲೇನ?" ಅಂದರು.

ಬರ್ರಿ ಎಂದು ಬಾಯಿಗೆ ಬಂದಿತ್ತು. ರಾಯಬಾಗದ ದವಾಖಾನೆಯ ಮಂಚ ಕಣ್ಣಿಗೆ ಕಟ್ಟಿತು. ಒಡೆದ ತುಟಿ, ಗೊರಗೊರ ಅನ್ನುವ ಎದೆ. ಬೆನ್ನು ತಟ್ಟುವಾಗ ನನ್ನ ಅಂಗೈಗೆ ಬರೀ ಎಲುಬು ಸಿಕ್ಕಿತ್ತು. "ಬರಬ್ಯಾಡ್ರಿ. ನಿಮಗ ಹತ್ತಿದ್ರ ಗತಿ ಏನ?" ಅಂದೆ.

ಹೇಳಿದ್ದು ಮನಸಾರೆ. ಅವರಿಗೆ ಏನೂ ಆಗಬಾರದು. ಹೇಳಿದ ಮೇಲೆ ಕಣ್ಣು ಮುಚ್ಚಿಕೊಂಡು ಕಾದೆ. 'ನಿನ್ನ ನಿಯಮ ಒಲ್ಯಾಗ ಹಾಕ' ಎಂದು ಬೈದು, ಕೋಲು ಗೋಡೆಗೊರಗಿಸಿ, ಒಂದೇ ಒಂದು ಹೆಜ್ಜೆ ಒಳಗಿಟ್ಟಿದ್ದರೂ ಸಾಕಿತ್ತು. ಆಗ ನಾನೇ ಎದ್ದು ಅವರನ್ನು ಹೊರಗೆ ಕಳಿಸುತ್ತಿದ್ದೆ. ಅವರು ಬರಲು ಒಪ್ಪಿದರಷ್ಟೇ ಸಾಕಿತ್ತು ನನಗೆ.

"ಅದೂ ಖರೇನ. ನೀನ ಹೇಳಿದಿಯಲ್ಲ," ಎಂದು ಅತ್ತೆ ತಿರುಗಿದರು. ಕೋಲಿನ ಸಪ್ಪಳ ದೂರವಾಯಿತು. ಸ್ವಲ್ಪ ಹೊತ್ತಿಗೆ ಪಡಸಾಲೆಯಿಂದ ಅವರ ಮಾತು ಕೇಳಿಸಿತು, "ಸಣ್ಣಾಕೀ, ನೀನೂ ಕಾಡೆ ಕುಡಿ. ಅಕಿ ಹಂತ್ಯಾಕ ಓಡ್ಯಾಡಾಕತ್ತೀದಿ, ನಿನಗ ಹತ್ತೀತು."

ಗೋಡೆಯ ಕಡೆ ಹೊರಳಿ ಅತ್ತುಬಿಟ್ಟೆ. ಮೂಗು ಹೇಗೂ ಸೋರುತ್ತಿತ್ತು, ಯಾರಿಗೆ ಗೊತ್ತಾಗಬೇಕು?

ಎದ್ದು ಓಡಾಡುವ ಹೊತ್ತಿಗೆ ನಿಯಮಕ್ಕೆ ಒಳ್ಳೆಯ ಹೆಸರು ಬಂದಿತ್ತು. ಮನೆಯಲ್ಲಿ ಇನ್ನೊಬ್ಬರಿಗೆ ಹತ್ತಲಿಲ್ಲ. ಓಣಿಯಲ್ಲಿ ಅಲ್ಲೊಬ್ಬರು ಇಲ್ಲೊಬ್ಬರು ಮಲಗಿದರೇ ಹೊರತು ಹಿಂದಿನ ವರ್ಷದ ಹಾಗೆ ಮನೆಮನೆಯೇ ಮಲಗಲಿಲ್ಲ. ಸಭೆಗೆ ಮತ್ತೆ ಬಂದ ನರ್ಸಬಾಯಿ ಎಲ್ಲರ ಮುಂದೆ ನನ್ನ ಬೆನ್ನು ತಟ್ಟಿದಳು. ವೈನಿ ಕೂಡ, "ಸುಳ್ಳ್ಯಾಕ ಹೇಳ್ಲಿ, ಈ ಸಲ ದವಾಖಾನಿ ತ್ರಾಸ ತಪ್ಪಿತ," ಅಂದಳು. ನಾನು ಬಿಗಿಯಾಗಿ ಕೂತಿದ್ದೆ. ನಿಯಮ ಎಲ್ಲರಿಗೂ ಒಂದೇ, ನನಗೂ ಒಂದೇ, ಅದಕ್ಕೇ ಅತ್ತೆ ಒಳಗೆ ಬರಲಿಲ್ಲ ಎಂದು ಮನಸ್ಸಿಗೆ ಹೇಳಿ ಹೇಳಿ ಒಪ್ಪಿಸಿದ್ದೆ. ಅಷ್ಟರಲ್ಲಿ ಹೊಟ್ಟೆಯ ಉರಿಯೂ ಸ್ವಲ್ಪ ತಣಿದಿತ್ತು.

ಸಂಕ್ರಾಂತಿ ಕಳೆದ ಮೇಲೆ ನೆಗೆಣ್ಣಿ ಮಲಗಿದಳು. ನನ್ನಿಂದ ಹತ್ತಿದ್ದಲ್ಲ, ತವರಿಗೆ ಹೋಗಿ ಬಂದಿದ್ದಳು, ಅಲ್ಲಿಂದ ತಂದಳು. ನಾನೇ ಕೋಣೆ ಗುಡಿಸಿದೆ, ಕಿಟಕಿ ತೆರೆದೆ, ಗಂಜಿಯನ್ನು ಹೊಸ್ತಿಲಲ್ಲಿಟ್ಟೆ. ಬಾಗಿಲಿಗೆ ಬಂದ ಹೆಂಗಸರನ್ನು ಬಾಗಿಲಿಂದಲೇ ತಿರುಗಿಸಿದೆ, ಕೂರಲು ಚಾಪೆಯನ್ನೂ ಹಾಕಲಿಲ್ಲ. ಅವಳ ತಾಯಿಗೆ ಫೋನು ಮಾಡಿ, ಬರಬೇಡಿ, ನಾವಿದ್ದೇವೆ ಅಂದೆ. ಅಷ್ಟು ಕೆಲಸ ಮಾಡಿದರೂ ದಣಿವಾಗಲಿಲ್ಲ.

ಸಂಜೆಯ ಮುಂದೆ ಹಿತ್ತಲಿಗೆ ಹೋಗಿ ಎಮ್ಮೆಗೆ ಮೇವು ಹಾಕಿ ಬಂದೆ. ಬಂದರೆ ಕೋಣೆಯ ಬಾಗಿಲ ಹೊರಗೆ ಗೋಡೆಗೆ ಅತ್ತೆಯ ಕೋಲು ಒರಗಿತ್ತು.

ಒಳಗೆ ಅತ್ತೆ ಹಾಸಿಗೆಯ ಮೇಲೆ ಕಾಲು ಚಾಚಿ ಕೂತಿದ್ದರು. ನೆಗೆಣ್ಣಿಯ ತಲೆ ಅವರ ತೊಡೆಯ ಮೇಲಿತ್ತು. ಆ ಅಗಲವಾದ ಅಂಗೈ ಅವಳ ಹಣೆಯ ಮೇಲಿತ್ತು.

"ಅತ್ತೀ! ಏನ್ ಮಾಡಾಕತ್ತೀರಿ? ಹೋದ ಸಲ ಎದಿಯಾಗಿನ ಜೀವ ಹ್ಯಾಂಗ ಆಗಿತ್ತು, ಮರತ್ರೇನ? ನಿಯಮ ಐತಲ್ರಿ!"

"ಐತಿ, ಯಾರ ಇಲ್ಲ ಅಂದಾರ," ಅಂದರು ಅತ್ತೆ, ನನ್ನ ಕಡೆ ನೋಡದೆ. "ಅದ ನಿನಗ ನಡೀತ ಬೇ, ನೀ ಗಟ್ಟಿ ಅದಿ. ಅಕಿಗೆ ನಡಿಯಂಗಿಲ್ಲ."

ಮೊಳೆಯಿಂದ ಮಾಸ್ಕು ತೆಗೆದು ಅವರ ಮುಂದೆ ಹಿಡಿದೆ. ಹೆದರಿಕೆಗೋ, ಹೊಟ್ಟೆಯ ಉರಿಗೋ, ಎರಡಕ್ಕೂ ಇರಬೇಕು. ಅವರು ಒಂದೇ ಕೈಯಿಂದ ಮಾಸ್ಕು ಇಸಿದುಕೊಂಡು ಕಿವಿಗೆ ಸಿಕ್ಕಿಸಿಕೊಂಡರು. ಇನ್ನೊಂದು ಕೈಯನ್ನು ಅವಳ ಹಣೆಯಿಂದ ಎತ್ತಲಿಲ್ಲ. ನೆಗೆಣ್ಣಿ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಬಂದಿರಲಿಲ್ಲ, ನನಗೆ ಗೊತ್ತಾಗುತ್ತದೆ.

ನಾನು ಹೊಸ್ತಿಲಲ್ಲೇ ನಿಂತೆ. ಏನು ಮಾಡಬೇಕೋ ತಿಳಿಯಲಿಲ್ಲ. ಒಂದು ಸಲ ಕೆಮ್ಮಿದೆ. ಕೆಮ್ಮು ಬಂದಿರಲಿಲ್ಲ, ಸುಮ್ಮನೆ ಕೆಮ್ಮಿದೆ. ಅತ್ತೆ ತಲೆ ಎತ್ತಿದರು.

"ಹೊರಗ ಹೋಗಿ ಕೆಮ್ಮ ಬೇ," ಅಂದರು. "ಇಲ್ಲೆ ಜಡ್ಡಿನವರು ಮಲಗ್ಯಾರ."